ಸೊಟ್ಟ ಮನಿ ಐದುನೂರು ವರ್ಷ ನಿಂತ ಕಥಿ

ಈ ಮನಿ ಫೋಟೋ ಮೊದಲ ಸಲ ನೋಡಿದವರು ಯಾರೇ ಇರಲಿ, ಬಾಯಾಗ ಬರೂ ಮಾತು ಒಂದ: "ಅಯ್ಯ ಶಿವನ, ಇದು ಇವತ್ತ ಬೀಳತದೋ ನಾಳೆ ಬೀಳತದೋ!" ಕಂಬ ಒಂದು ಕಡೆ ವಾಲ್ಯಾವ. ಖಿಡಕಿ ಸಾಲು ನೀರಿನ ಅಲೆ ಹಂಗ ಮ್ಯಾಲೆ ಕೆಳಗ ಆಗ್ಯಾವ. ಮ್ಯಾಲಿನ ಅಂತಸ್ತು ಕೆಳಗಿನ ಅಂತಸ್ತಿನ ಮ್ಯಾಲೆ, ತಲಿಮ್ಯಾಲೆ ಹೊರಿ ಹೊತ್ತ ಹೆಣ್ಮಗಳ ಗತೆ ಮುಂದಕ್ಕ ಬಾಗೇದ. ಒಂದು ಮೂಲಿನೂ ನೆಟ್ಟಗಿಲ್ಲ. ಆದ್ರ ಇದು ಬಿದ್ದಿಲ್ಲರಿ. 1500 ದಾಟಿದ ಹೊಸದಾಗಿ ಕಟ್ಟಲಿಕ್ಕೆ ಸುರು ಮಾಡಿದ್ದು, ಇವತ್ತಿಗೂ ನಿಂತದ. ಇದರ ಹೆಸರು ಲಿಟ್ಲ್ ಮೋರ್ಟನ್ ಹಾಲ್. ಇಂಗ್ಲೆಂಡಿನ ಚೆಶೈರ್ ಸೀಮಿಯೊಳಗ, ಕಾಂಗಲ್ಟನ್ ಅನ್ನೂ ಊರಿಂದ ನಾಲ್ಕೈದು ಮೈಲು ದೂರ ಅದ.

ಇಂಥಾ ಮನಿಗೆ ಅಲ್ಲಿ ಮ್ಯಾನರ್ ಹೌಸ್ ಅಂತಾರ. ನಮ್ಮ ಕಡೆ ದೇಸಾಯರ ವಾಡೆ ಅಂತೀವಲ್ಲ, ಹೆಚ್ಚುಕಡಿಮಿ ಹಂಗ. ಸುತ್ತಲಿನ ಹೊಲ, ಗಿರಣಿ, ಒಕ್ಕಲಮಂದಿ ಎಲ್ಲಾದರ ಕಾರಭಾರ ನಡಿಯೂ ಮನಿ. ಅರಮನಿ ಅಲ್ಲ, ಕೋಟಿನೂ ಅಲ್ಲ. ಇದರೊಳಗ ರಾಜಾ ರಾಣಿ ಯಾರೂ ಇರಲಿಲ್ಲ. ಹಿಂಗಾಗಿ ನನಗ ಇದರ ಕಥಿ ಭಾಳ ಹಿಡಿಸ್ತು. ಕಟ್ಟಿಸಿದ ಗಂಡಸರ ಹೆಸರು ಎಲ್ಲಾ ಕಡೆ ಬರ್ತಾವ. ಆದ್ರ ಇದು ಇವತ್ತು ಉಳದದ್ದು ಬ್ಯಾರೆಯವರಿಂದ. ಅದನ್ನ ಕಡೀಗೆ ಹೇಳ್ತೀನಿ, ಮೊದಲ ಮನಿ ನೋಡ್ಕೊಂಡು ಬರೋಣ ಬರ್ರಿ.

ಕಟ್ಟಿಸಿದ ಮನೆತನದ ಹೆಸರು ಮೋರ್ಟನ್. 1348ರ ಸುಮಾರಿಗೆ ಇಂಗ್ಲೆಂಡಿಗೆ ಪ್ಲೇಗ್ ಬಡೀತು. ಊರಿಗೆ ಊರ ಖಾಲಿ ಆದವು, ಹೊಲಾ ಮಾಡೂ ಮಂದಿ ಉಳೀಲಿಲ್ಲ, ಜಮೀನಿನ ಬೆಲಿ ಇಳೀತು. ಉಳದ ಮನೆತನದವರು ಆವಾಗ ಜಮೀನು ತೊಗೊಂಡ್ರು. ಮೋರ್ಟನ್ನರೂ ತೊಗೊಂಡ್ರು. ಮುಂದ ಎಂಟನೇ ಹೆನ್ರಿ ರಾಜಾ 1536ರಿಂದ ನಾಲ್ಕೈದು ವರ್ಷದಾಗ ಅಲ್ಲಿನ ಕ್ರೈಸ್ತ ಮಠಗಳನ್ನೆಲ್ಲಾ ಮುಚ್ಚಿಸಿ ಅವುಗಳ ಭೂಮಿ ಮಾರಿಸಿದಾಗ ಮತ್ತಷ್ಟು ಕೊಂಡ್ರು. ಆ ಶತಮಾನದ ನಡು ಬರೂದರೊಳಗ ಇವರದು 1,360 ಎಕರೆ ಆಗಿತ್ತು. ಹಿಟ್ಟಿನ ಗಿರಣಿ, ಹಣ್ಣಿನ ತೋಟ, ನೀರಿನ ಜೋರಿಲೆ ಸುತ್ತಿಗಿ ಬಡಿಯೂ ಕಬ್ಬಿಣದ ಕುಲುಮಿ, ಎಲ್ಲಾ ಇತ್ತು.

ರೊಕ್ಕ ಬಂದ ಕೂಡಲೆ ಮನಿ ಕಟ್ಟೂದು ಎಲ್ಲಾ ದೇಶದಾಗೂ ಒಂದ ನೋಡ್ರಿ. ಮೊದಲನೇ ವಿಲಿಯಂ ಮೋರ್ಟನ್ 1504ರಿಂದ 1508ರೊಳಗ ದೊಡ್ಡ ಪಡಸಾಲಿ ಎಬ್ಬಿಸಿದಾ. ಅವರು ಅದಕ್ಕ ಗ್ರೇಟ್ ಹಾಲ್ ಅಂತಾರ. ಊಟ, ಪಂಚಾಯ್ತಿ, ಹಬ್ಬ, ಲೆಕ್ಕಪತ್ರ ಎಲ್ಲಾ ಅಲ್ಲೇ. ಅದರ ಬಾಜೂಕ ಅಡಗಿಮನಿ, ಉಗ್ರಾಣ. ಅವನ ಮಗ ಎರಡನೇ ವಿಲಿಯಂ ಇನ್ನೊಂದಿಷ್ಟು ಖೋಲಿ ಕೂಡಿಸಿದಾ. ಮೊಮ್ಮಗ ಜಾನ್ ದಕ್ಷಿಣದ ಕಡೆ ಮೂರು ಅಂತಸ್ತಿನ ಕಟ್ಟಡಾ, ದೊಡ್ಡ ಬಾಗಲಾ ಕಟ್ಟಿಸಿದಾ. 1610ರ ಸುಮಾರಿಗೆ ಬ್ರೆಡ್ ಸುಡೂ ಮನಿ, ಬಿಯರ್ ಕುದಸೂ ಮನಿ ಕೂಡಿದ್ವು. ಅಂದ್ರ ಹೆಚ್ಚುಕಡಿಮಿ ನೂರು ವರ್ಷದ ಕೆಲಸ. ಒಂದು ನಕ್ಷೆ ಹಾಕಿ ಕಟ್ಟಿದ ಮನಿ ಇದಲ್ಲ. ಸೊಸಿ ಬಂದಾಗ ಒಂದು ಖೋಲಿ, ಮೊಮ್ಮಗ ಹುಟ್ಟಿದಾಗ ಇನ್ನೊಂದು ಅಂತ ನಮ್ಮ ಹಳೇ ಮನಿಗೋಳು ಬೆಳೀತಿದ್ವಲ್ಲ, ಇದೂ ಹಂಗ ನಡುವಿನ ಅಂಗಳಾ ಸುತ್ತುವರದು ಬೆಳೀತು.

ಕಟ್ಟಿದ ರೀತಿ ಕೇಳ್ರಿ. ಕೆಳಗ ಸ್ವಲ್ಪ ಕಲ್ಲಿನ ಪಾಯಾ. ಅದರ ಮ್ಯಾಲೆ ಎಲ್ಲಾ ಓಕ್ ಕಟಿಗಿ. ಓಕ್ ಅಂದ್ರ ಆ ಕಡೆ ಗಟ್ಟಿ ಕಟಿಗಿ, ನಮಗ ಸಾಗವಾನಿ ಹೆಂಗೋ ಹಂಗ. ಆ ಕಾಲದ ಬಡಿಗ್ಯಾರು ಓಕನ್ನ ಹಸೀ ಇದ್ದಾಗ ಕೊಯ್ದು ಕೆಲಸಾ ಮಾಡ್ತಿದ್ರು, ಯಾಕಂದ್ರ ಒಣಗಿದ ಮ್ಯಾಲೆ ಅದಕ್ಕ ಉಳಿ ಹತ್ತೂದಿಲ್ಲ. ಚೌಕಟ್ಟನ್ನ ನೆಲದ ಮ್ಯಾಲೆ ಹಾಸಿ ಜೋಡಿಸಿ, ಯಾವ ತೊಲಿ ಎಲ್ಲಿ ಕೂಡತದ ಅಂತ ಗುರುತು ಕೆತ್ತಿ, ಬಿಚ್ಚಿ ತಂದು ಜಾಗಾದಾಗ ಎತ್ತಿ ನಿಲ್ಲಸ್ತಿದ್ರು. ಬೆಸಗೀಗೆ ಕಟಿಗಿ ಗೂಟಾನ. ನಡುವ ಉಳದ ಖಾಲಿ ಜಾಗಾದಾಗ ಸಣ್ಣ ಕಡ್ಡಿ ತಟ್ಟಿ ಹೆಣದು, ಅದರ ಮ್ಯಾಲೆ ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತೂದು. ಹೌದ್ರಿ, ಸಗಣಿನ! ಸಾಹೇಬರ ವಾಡೆ ಗೋಡಿನೂ ಸಗಣಿ ಮಣ್ಣಿಂದ ಅಂತ ಓದಿದಾಗ ನನಗ ಒಳಗೊಳಗ ನಗು ಬಂತು.

ಹಸೀ ಕಟಿಗಿ ಗೋಡಿಯೊಳಗ ಇದ್ದಲ್ಲೇ ಒಣಗತದ. ಒಣಗೂ ಮುಂದ ಜಗ್ಗತದ, ತಿರುವತದ. ಮನಿ ಸೊಟ್ಟ ಆಗಲಿಕ್ಕೆ ಇದೊಂದು ಕಾರಣ. ಆದ್ರ ಕಟಿಗಿ ಮನಿದು ಒಂದು ಛಲೋ ಗುಣ ಅಂದ್ರ, ಎಲ್ಲಾ ತೊಲಿ ಒಂದಕ್ಕೊಂದು ಕೈ ಹಿಡದು ನಿಂತಿರ್ತಾವ. ಒಂದು ಬಾಗಿದ್ರ ಇನ್ನೊಂದು ತಾನೂ ಸ್ವಲ್ಪ ಬಾಗಿ ತಡಕೋತದ.

ದೊಡ್ಡ ಕಾರಣ ಬ್ಯಾರೆ ಅದ. ಜಾನ್ ಮೋರ್ಟನ್ನನ ಕಾಲದಾಗ ಶ್ರೀಮಂತರ ಮನ್ಯಾಗ ಉದ್ದನೆ ಪಡಸಾಲಿ ಕಟ್ಟಸೂ ಹುಚ್ಚು ಎದ್ದಿತ್ತು. ಲಾಂಗ್ ಗ್ಯಾಲರಿ ಅಂತ ಅದರ ಹೆಸರು. ಅಲ್ಲಿ ಮಳಿ ಭಾಳ. ಹೊರಗ ಹೋಗಲಿಕ್ಕೆ ಆಗದ ದಿನಾ ಮನಿ ಮಂದಿ ಅದರಾಗ ಆ ತುದಿಯಿಂದ ಈ ತುದಿಗೆ ಅಡ್ಡಾಡ್ತಿದ್ರು, ಆಟಾ ಆಡ್ತಿದ್ರು. ಈ ಮನ್ಯಾಗೂ ಹಲಿಗಿ ಹಿಂದ ಆ ಕಾಲದ ಟೆನಿಸ್ ಚೆಂಡು ಸಿಕ್ಕಾವ. ಮಕ್ಕಳೋ ದೊಡ್ಡವರೋ, ಯಾರೋ ಆಡೂ ಮುಂದ ಸಂದ್ಯಾಗ ಹೋಗಿ ಬಿದ್ದಿರಬೇಕು. ಜಾನ್ ಸಾಹೇಬರು ದಕ್ಷಿಣದ ಕಟ್ಟಡಾ ಸುರು ಮಾಡಿದ ಮ್ಯಾಲೆ "ನಮಗೂ ಒಂದು ಲಾಂಗ್ ಗ್ಯಾಲರಿ ಇರಲಿ" ಅಂತ ಎಲ್ಲಾದರ ಮ್ಯಾಲೆ, ಮೂರನೇ ಅಂತಸ್ತಿನ್ಯಾಗ 68 ಅಡಿ ಉದ್ದದ್ದು ಏರಿಸಿದ್ರು. ಅದು ಮೊದಲಿನ ಲೆಕ್ಕದಾಗ ಇರಲಿಲ್ಲ ಅಂತ ತಿಳದವರು ಹೇಳ್ತಾರ. ಅದರ ಮ್ಯಾಲೆ ಹಂಚಲ್ಲ, ಕಲ್ಲಿನ ಚಪ್ಪಡಿ! ಆ ಭಾರಕ್ಕ ಕೆಳಗಿನ ಅಂತಸ್ತಿನ ತೊಲಿ ಬಗ್ಗಿದ್ವು, ನೆಲಾ ಏರಿಳಿತಾ ಆತು. ಮ್ಯಾಲ್ಮುದ್ದಿ ಮನ್ಯಾಗ ಬೆಳದವರಿಗೆ ಇದು ಬಿಡಿಸಿ ಹೇಳೂದು ಬ್ಯಾಡ. ವರ್ಷಾ ಮಾಳಿಗಿ ಮ್ಯಾಲೆ ಮಣ್ಣು ಹಾಕ್ಕೋತ ಹೋದ್ರ ಕೆಳಗಿನ ಜಂತಿ ಏನಾಗತಾವ ಅಂತ ಅವರಿಗೆ ಗೊತ್ತು.

ಆ ಗ್ಯಾಲರಿ ಎರಡೂ ತುದಿಗೆ ಗಾರೆಯೊಳಗ ಒಂದೊಂದು ಹೆಣ್ಣಿನ ಮೂರ್ತಿ ಮಾಡ್ಯಾರ. ಒಂದು ತುದಿಗೆ ಅದೃಷ್ಟ ಅನ್ನಾಕಿ, ಆಕಿ ಕಡೆ ಒಂದು ಗಾಲಿ. ಅದನ್ನ ನಡಸೂದು ಅಜ್ಞಾನ ಅಂತ ಬಾಜೂಕ ಬರದಾರ. ಇನ್ನೊಂದು ತುದಿಗೆ ವಿಧಿ ಅನ್ನಾಕಿ, ಆಕಿ ಕಡೆ ಒಂದು ಗೋಳ. ಅದನ್ನ ನಡಸೂದು ಜ್ಞಾನ. ರಾಬರ್ಟ್ ರೆಕಾರ್ಡ್ ಅನ್ನೂ ಪಂಡಿತರು 1556ರಾಗ ಅಚ್ಚು ಹಾಕಿಸಿದ ಖಗೋಳದ ಪುಸ್ತಕದಾಗಿನ ಚಿತ್ರ ನೋಡಿ ಇದನ್ನ ಮಾಡಿದ್ದು. ದಿನಾ ಆ ಗಾಲಿ ಕೆಳಗ ಅಡ್ಡಾಡ್ಕೋತ ಹೋದ ಮನೆತನಕ್ಕ ಮುಂದ ಅದು ಹೆಂಗ ತಿರುಗಿತು ಅನ್ನೂದು ಬರ್ತದ.

ಖಿಡಕಿ ಬಗ್ಗೆ ಹೇಳದಿದ್ರ ಆಗೂದಿಲ್ಲ. ಈ ಮನಿ ಖಿಡಕಿಯೊಳಗ ಸೀಸದ ಪಟ್ಟಿಲೆ ಜೋಡಿಸಿದ ಸುಮಾರು 30,000 ಸಣ್ಣ ಗಾಜಿನ ತುಂಡು ಅವ. ಚೌಕ, ತ್ರಿಕೋನ, ಗೋಲ, ಸಕ್ಕರಿ ಅಚ್ಚಿನ ಗತೆ ತರಾವರಿ. ಆವಾಗ ಗಾಜು ಭಾಳ ತುಟ್ಟಿ. ಎಷ್ಟು ತುಟ್ಟಿ ಅಂದ್ರ, ಮನಿ ಬಿಟ್ಟು ಹೋಗೂ ಮುಂದ ಖಿಡಕಿ ಗಾಜು ಬಿಚ್ಚಿಕೊಂಡು ಹೋಗೂ ಮಂದಿನೂ ಆ ಕಾಲಕ್ಕ ಇದ್ರು. 1559ರಾಗ ಎರಡನೇ ವಿಲಿಯಂ ಅಂಗಳದ ಕಡೆ ಎರಡು ದೊಡ್ಡ ಖಿಡಕಿ ಮಾಡಿಸಿದಾ. ಅದರ ಮ್ಯಾಲೆ ತನ್ನ ಹೆಸರು ಕೆತ್ತಿಸಿದಾ, ಬಾಜೂಕ ಬಡಿಗ್ಯಾನ ಹೆಸರೂ ಕೆತ್ತಿಸಿದಾ: ರಿಚರ್ಡ್ ಡೇಲ್. ಮಾಲಕನ ಹೆಸರಿನ ಜೋಡಿ ಕೆಲಸಗಾರನ ಹೆಸರು ಅಷ್ಟ ದೊಡ್ಡದಾಗಿ ಇರೂದು ಅಪರೂಪ. ಬಡಿಗ ಅನ್ನೂ ಶಬ್ದದ ಅಕ್ಷರ ಅದರಾಗ ಸ್ವಲ್ಪ ತಪ್ಪೇದ. ಆದ್ರ ಖಿಡಕಿ ಇನ್ನೂ ತಪ್ಪಿಲ್ಲ. ಈ ಡೇಲ್ ಅನ್ನೂ ಅಡ್ಡಹೆಸರು ನೆನಪಿಟ್ಕೋರಿ, ಮುಂದ ಇನ್ನೊಮ್ಮೆ ಬರ್ತದ.

ನಾವು ಹೆಣ್ಣುಮಕ್ಕಳು ನೋಡಬೇಕಾದ್ದು ಇನ್ನೂ ಅವ. ದಕ್ಷಿಣದ ಕಡೆ ಒಂದು ಗೋಪುರದಾಗ ಸಂಡಾಸ ಅವ, ಮ್ಯಾಲಿನ ಅಂತಸ್ತಿನ್ಯಾಗೂ! ಎಲ್ಲಾ ಸೀದಾ ಕೆಳಗಿನ ಕಂದಕಕ್ಕ. ಮನಿ ಸುತ್ತ 33 ಅಡಿ ಅಗಲದ ನೀರಿನ ಕಂದಕ ಅದ. ವೈರಿ ಬರ್ತಾರಂತ ತೋಡಿದ್ದು ಅನ್ನೂದಕ್ಕಿಂತ, ನಾವು ದೊಡ್ಡ ಮಂದಿ ಅಂತ ತೋರಸಲಿಕ್ಕೆ ತೋಡಿದ್ದು ಅನ್ನೂದು ಖರೆ. ಇಂಥಾ ನೀರಿನ ವಾಸನಿ ಬ್ಯಾಸಗಿಯೊಳಗ ಹೆಂಗಿತ್ತೋ, ಅದನ್ನ ಯಾವ ಚಿತ್ರದಾಗೂ ಬಿಡಿಸಿಲ್ಲ.

ಹಳೇ ಸಾಮಾನಿನ್ಯಾಗ ಈ ಮನೀದ ಅಂತ ಉಳದದ್ದು ಮೂರ ಮೂರು: ಒಂದು ಉದ್ದನೆ ಊಟದ ಮೇಜು, ಒಂದು ದುಂಡನೆ ಮೇಜು, ಒಂದು ಖಾನೆ ಖಾನೆ ಇರೂ ಕಪಾಟು. ಆ ಕಪಾಟು ಮಸಾಲಿ ಇಡಲಿಕ್ಕೆ ಇದ್ದಿರಬೇಕು ಅಂತಾರ. ಮಸಾಲಿ ಅಂದ ಕೂಡಲೆ ನಮ್ಮ ಕಿವಿ ನೆಟ್ಟಗಾಗತಾವಲ್ಲ! ಆ ಕಾಲಕ್ಕ ನಮ್ಮ ಪಶ್ಚಿಮ ಕರಾವಳಿಯಿಂದ ಪೋರ್ಚುಗೀಸರ ಹಡಗಿನ್ಯಾಗ ಯುರೋಪಿಗೆ ಮೆಣಸು ಹೋಗ್ತಿತ್ತು. ಜಾನ್ ಮೋರ್ಟನ್ ಗ್ಯಾಲರಿ ಏರಸೂ ಹೊತ್ತಿಗೆ ನಮ್ಮ ಗೇರುಸೊಪ್ಪಿಯೊಳಗ ರಾಣಿ ಚೆನ್ನಭೈರಾದೇವಿ ಆಳ್ತಿದ್ಲು. ಪೋರ್ಚುಗೀಸರು ಆಕಿನ್ನ ಮೆಣಸಿನ ರಾಣಿ ಅಂತ ಕರೀತಿದ್ರು. ಮೆಣಸು ಮನಿ ಲೆಕ್ಕದಾಗ ಎಣಿಸಿ ಬಳಸೂ ಪದಾರ್ಥ ಆಗಿತ್ತು ಅಲ್ಲಿ. ಅದಕ್ಕ ಖಾನೆ ಇರೂ ಕಪಾಟು ಬೇಕಾಗ್ತಿತ್ತು.

ಇನ್ನೊಂದು ವಸ್ತು ಗೋಡಿಯೊಳಗ ಮುಚ್ಚಿಹೋಗಿತ್ತು. 1976ರಾಗ ಬೈಠಕ್ ಖೋಲಿ ಗೋಡಿಗೆ ಬಡದ ಹಲಿಗಿ ತಗದಾಗ ಹಿಂದ ಬಣ್ಣದ ಚಿತ್ರ ಸಿಕ್ವು. ಬೈಬಲ್ಲಿನ ಜೋಡಿ ಬರೂ ಸುಸಾನಾ ಅನ್ನೂ ಹೆಣ್ಮಗಳ ಕಥಿ. ಆಕಿ ತೋಟದಾಗ ಜಳಕಾ ಮಾಡೂ ಮುಂದ ಇಬ್ಬರು ಹಿರೇರು, ಪಂಚರು ಅನ್ನಿಸಿಕೊಂಡವರು, ಅಡಗಿ ನೋಡಿ "ನಮ್ಮ ಮಾತು ಕೇಳು, ಇಲ್ಲಾಂದ್ರ ನಿನ್ನ ಮ್ಯಾಲೆ ಸುಳ್ಳು ಹೇಳ್ತೀವಿ" ಅಂತ ಹೆದರಸ್ತಾರ. ಆಕಿ ಒಪ್ಪೂದಿಲ್ಲ. ಅವರು ಸುಳ್ಳು ಹೇಳ್ತಾರ, ಆಕಿಗೆ ಮರಣದ ಶಿಕ್ಷಾ ಆಗತದ. ಆವಾಗ ಡೇನಿಯಲ್ ಅನ್ನೂ ಹುಡುಗಾ ಎದ್ದು ಇಬ್ಬರನ್ನೂ ಬ್ಯಾರೆ ಬ್ಯಾರೆ ಕರದು "ಯಾವ ಗಿಡದ ಕೆಳಗ ನೋಡಿದ್ರಿ?" ಅಂತ ಕೇಳ್ತಾನ. ಒಬ್ಬಾಂವ ಒಂದು ಗಿಡ ಹೇಳ್ತಾನ, ಇನ್ನೊಬ್ಬಾಂವ ಇನ್ನೊಂದು. ಸುಳ್ಳು ಹೊರಗ ಬೀಳತದ. ದಿನಾ ಕೂಡೂ ಖೋಲ್ಯಾಗ ಈ ಕಥಿ ಬರಸಿದ್ರಲ್ಲ, ಅದನ್ನ ನೋಡ್ಕೋತ ಹೊಲಿಗಿ ಹಾಕ್ಕೋತ ಕೂತ ಆ ಮನಿ ಹೆಣ್ಣುಮಕ್ಕಳು ಏನು ಮಾತಾಡ್ಕೊಂಡಿದ್ರೋ ಅಂತ ನನಗ ಕೇಳಬೇಕು ಅನಸ್ತದ.

ಈಗ ಗಾಲಿ ತಿರುಗಿದ ಮಾತು. 1642ರಾಗ ಇಂಗ್ಲೆಂಡಿನ್ಯಾಗ ರಾಜನ ಕಡೆಯವರಿಗೂ ಪಾರ್ಲಿಮೆಂಟಿನ ಕಡೆಯವರಿಗೂ ಯುದ್ಧ ಹತ್ತಿತು. ಮೋರ್ಟನ್ನರು ರಾಜನ ಕಡೆ. ಸುತ್ತ ಇದ್ದವರು ಬಹಳಷ್ಟು ಪಾರ್ಲಿಮೆಂಟಿನ ಕಡೆ. 1643ರಾಗ ಮನಿ ಜಪ್ತ ಆತು, ಸೈನಿಕರು ಬಂದು ಬಿಡಾರ ಹೂಡಿದ್ರು. ಅರ್ಜಿ ಹಾಕಿ, ಕೈಕಾಲು ಹಿಡದು ಮನಿ ವಾಪಸ್ ಪಡಕೊಂಡ್ರು ಖರೆ, ಆದ್ರ ಯಜಮಾನ ವಿಲಿಯಂ 1654ರಾಗ ತೀರಿಕೊಂಡಾಗ ಮೂರರಿಂದ ನಾಲ್ಕು ಸಾವಿರ ಪೌಂಡ್ ಸಾಲ ಬಿಟ್ಟು ಹೋಗಿದ್ದಾ. ಆ ಕಾಲಕ್ಕ ಅದು ಒಂದು ಮನೆತನಾ ಮುಳಗಸೂವಷ್ಟು ದೊಡ್ಡ ಸಾಲ. ಜಮೀನು ಬಹಳಷ್ಟು ಒತ್ತಿ ಬಿತ್ತು. 1680 ಬರೂದರೊಳಗ ಮೋರ್ಟನ್ನರು ಆ ಮನ್ಯಾಗ ಇರೂದನ್ನ ಬಿಟ್ರು. ಒಕ್ಕಲಮಂದೀಗೆ ಬಾಡಿಗಿ ಕೊಟ್ರು.

ಇಲ್ಲೇ ನಾನು ಹೇಳಬೇಕಂದ ಮಾತು ಬರೂದು. ಅದೇ ಹೊತ್ತಿಗೆ ಕೈಯಾಗ ರೊಕ್ಕ ಇದ್ದ ಮನೆತನದವರು ಏನು ಮಾಡಿದ್ರು? ಹಳೇ ಕಟಿಗಿ ಮನಿ ಕೆಡವಿ, ಇಟ್ಟಂಗಿ, ಕಲ್ಲಿನ ಹೊಸಾ ಫ್ಯಾಶನ್ ಮನಿ ಕಟ್ಟಿಸಿಕೊಂಡ್ರು. ಮೋರ್ಟನ್ನರ ಕಡೆ ಕೆಡವಲಿಕ್ಕೂ ರೊಕ್ಕ ಇರಲಿಲ್ಲ. ಬಡತನ ಬಂದದ್ದಕ್ಕ ಮನಿ ಹೆಂಗಿತ್ತೋ ಹಂಗ ಉಳೀತು. ಇಂಗ್ಲೆಂಡಿನ್ಯಾಗ ಟ್ಯೂಡರ್ ಕಾಲದ ಕಟಿಗಿ ಮನಿ ಅಂದ್ರ ಈಗ ಎಲ್ಲಾರೂ ಮೊದಲ ಈ ಮನಿ ಚಿತ್ರಾನ ತೋರಸ್ತಾರ.

ಆದ್ರ ಬಡತನ ಒಂದರಿಂದ ಮನಿ ಉಳೀತದೇನು? ಸೋರೂ ಮಾಳಿಗಿಗೆ ಬಡತನ ಇಷ್ಟ ಗೊತ್ತಿರ್ತದ, ಇನ್ನಷ್ಟು ಸೋರೂದು. 1841ರಿಂದ ಡೇಲ್ ಅನ್ನೂ ಒಕ್ಕಲ ಮನೆತನದವರು ಅಲ್ಲಿ ಬಾಡಿಗಿಗೆ ಬಂದ್ರು. ಖಿಡಕಿ ಮ್ಯಾಲಿನ ಬಡಿಗ್ಯಾನದು ಇದ ಅಡ್ಡಹೆಸರು. 1847ರ ಹೊತ್ತಿಗೆ ಮನಿ ಬಹಳಷ್ಟು ಭಾಗ ಖಾಲಿ, ಖಿಡಕಿಗೆ ಹಲಿಗಿ ಬಡದಿದ್ದು, ಮಾಳಿಗಿ ಕಟಿಗಿ ಕೊಳತದ್ದು. ಮನಿಯೊಳಗಿನ ಪ್ರಾರ್ಥನಾ ಮಂದಿರ ಕಲ್ಲಿದ್ದಲಾ ತುಂಬೂ ಖೋಲಿ ಆಗಿತ್ತು. ದೇವರ ಮನ್ಯಾಗ ಇದ್ದಲಾ ತುಂಬೂದು ಅಂದ್ರ ಆ ಮನಿ ಸ್ಥಿತಿ ಏನಿತ್ತು ಅಂತ ವಿಚಾರ ಮಾಡ್ರಿ. ಆದ್ರ ಒಲಿ ಹತ್ತತಿತ್ತು, ಬಾಗಲಾ ತಗೀತಿತ್ತು, ಮನ್ಯಾಗ ಮಂದಿ ಓಡಾಟ ಇತ್ತು. ಮಂದಿ ಇರೂ ಮನಿ ಅಷ್ಟು ಲಗೂನ ಬೀಳೂದಿಲ್ಲ, ಇದನ್ನ ನಮ್ಮ ಹಿರೇರೂ ಹೇಳ್ತಿದ್ರು.

1892ರಾಗ ಮನಿ ಎಲಿಜಬೆತ್ ಮೋರ್ಟನ್ ಅನ್ನೂ ಹೆಣ್ಮಗಳ ಕೈಗೆ ಬಂತು. ಅಕ್ಕತಂಗೇರೊಳಗ ಒಬ್ಬಾಕಿ, ಅನಾಬೆಲ್ಲಾ, ತೀರಿಕೊಂಡ ಮ್ಯಾಲೆ ಇನ್ನೊಬ್ಬಾಕಿಗೆ ಬಂದ ಆಸ್ತಿ ಇದು. ಎಲಿಜಬೆತ್ ಕ್ರೈಸ್ತ ಸನ್ಯಾಸಿನಿ. ಗಂಡ ಇಲ್ಲ, ಮಕ್ಕಳಿಲ್ಲ. ಬಂದದ್ದು ಬಿದ್ದುಹೋಗೂ ಮನಿ. ಬ್ಯಾರೆ ಯಾರರ ಆಗಿದ್ರ "ನನಗ್ಯಾಕ ಬೇಕು" ಅಂತ ಬಂದ ಬೆಲಿಗೆ ಕೊಟ್ಟು ಕೈ ತೊಳಕೋತಿದ್ರು. ಆಕಿ ಮೊದಲ ಮಾಡಿದ್ದು ಪ್ರಾರ್ಥನಾ ಮಂದಿರ ದುರಸ್ತಿ ಮಾಡಿಸಿ, ಅದಕ್ಕ ಬೇಕಾದ ಸಾಮಾನು ಇಟ್ಟು ಮತ್ತ ದೇವರ ಜಾಗಾ ಮಾಡಿದ್ದು. ಲಾಂಗ್ ಗ್ಯಾಲರಿ ಬೀಳಬಾರದಂತ ಅದರೊಳಗ ಉಕ್ಕಿನ ಸಳಿ ಹಾಕಿಸಿದಾಕಿನೂ ಆಕಿನ ಇರಬೇಕು ಅಂತಾರ.

ಎಲ್ಲಾಕಿಂತ ದೊಡ್ಡ ಕೆಲಸಾ ಆಕಿ ಕಾಗದದ ಮ್ಯಾಲೆ ಮಾಡಿದ್ಲು. 1912ರಾಗ ಮನಿ ಆಕಿ ಮೃತ್ಯುಪತ್ರದ ಪ್ರಕಾರ ಸಂಬಂಧಿಕರೊಳಗ ಒಬ್ಬರಾದ ಚಾರ್ಲ್ಸ್ ಏಬ್ರಹಾಂ ಅನ್ನೂ ಬಿಷಪ್ಪರಿಗೆ ಹೋತು. ಜೋಡಿ ಒಂದ ಒಂದು ಶರ್ತು: ಈ ಮನಿ ಎಂದೂ ಮಾರಬಾರದು.

ಬಿಷಪ್ಪರು ಮಾತು ಉಳಿಸಿಕೊಂಡ್ರು. ದುರಸ್ತಿ ಮುಂದುವರಿಸಿದ್ರು, ಮನಿ ನೋಡಲಿಕ್ಕೆ ಮಂದೀಗೆ ಬಾಗಲಾ ತಗದ್ರು. ಆರು ಪೆನ್ಸ್ ರೊಕ್ಕ. ಅದನ್ನ ತೊಗೊಂಡು, ಒಳಗ ಕರಕೊಂಡು ಹೋಗಿ ಎಲ್ಲಾ ತೋರಸ್ತಿದ್ದವರು ಅದೇ ಡೇಲ್ ಮನೆತನದವರು. ದನಾ ಕಟ್ಟಿ ಬಂದು, ಕೈ ತೊಳಕೊಂಡು, ಗ್ಯಾಲರಿ ತೋರಸೂದು! 1938ರಾಗ ಬಿಷಪ್ಪರೂ ಅವರ ಮಗನೂ ಮನೀನ್ನ ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದ್ರು. ಹಳೇ ಮನಿ, ನಿಸರ್ಗದ ಜಾಗಾ ಕಾಯೂ ಸಂಸ್ಥಾ ಅದು. ಮಾರಲಿಲ್ಲ, ಕೊಟ್ರು. ಶರ್ತು ಹಂಗ ಉಳೀತು. ಡೇಲ್ ಮಂದಿ 1945ರ ತನಕಾ ಒಕ್ಕಲತನ ಮಾಡಿದ್ರು, 1955ರ ತನಕಾ ಮನಿ ಕಾಯ್ದ್ರು. ಅಂದ್ರ ನೂರಾ ಹದಿನಾಲ್ಕು ವರ್ಷ. ಇವರು ಆ ಮನಿ ಮಾಲಕರು ಎಂದೂ ಆಗಿರಲಿಲ್ಲ ಅನ್ನೂದು ನೆನಪಿರಲಿ.

1977ರಾಗ ಮಾಳಿಗಿ ಕಲ್ಲಿನ ಚಪ್ಪಡಿ ಸಡ್ಲಾಗಿದ್ದು ಕಂಡು ಟ್ರಸ್ಟಿನವರು ದೊಡ್ಡ ದುರಸ್ತಿ ಸುರು ಮಾಡಿದ್ರು. ಹೊಸಾ ತೊಲಿ ಹಾಕಿದಲ್ಲಿ ಅದಕ್ಕ ಕಪ್ಪು ಬಣ್ಣಾ ಬಳೀಲಿಲ್ಲ. ಫೋಟೋದಾಗ ಕಾಣೂ ಆ ಕಪ್ಪು ಬಿಳಿ ಪಟ್ಟಿ ಮನಿ ಕಟ್ಟಿದ ಕಾಲದ್ದಲ್ಲ, ವಿಕ್ಟೋರಿಯಾ ರಾಣಿ ಕಾಲದ ಮಂದಿ ಬಳದದ್ದು. ಮೊದಲ ಓಕ್ ತನ್ನ ಬೂದಿ ಬಣ್ಣದಾಗ ಇರ್ತಿತ್ತು, ನಡುವಿನ ಗೋಡಿಗೆ ಹಳದಿ ಮಣ್ಣಿನ ಬಣ್ಣಾ ಇರ್ತಿತ್ತು. ಸೊಟ್ಟ ಇದ್ದದ್ದನ್ನ ನೆಟ್ಟಗ ಮಾಡಲಿಕ್ಕೂ ಅವರು ಹೋಗಲಿಲ್ಲ. ಇನ್ನಷ್ಟು ಸೊಟ್ಟ ಆಗದಂಗ ಹಿಡದು ನಿಲ್ಲಿಸಿದ್ರು.

ನಾನು ಇದನ್ನ ಬರೀಲಿಕ್ಕೆ ಕಾರಣ ಅದ. ನಮ್ಮೊಳಗ ಭಾಳ ಮಂದಿ ತೌರಮನಿ ಮಾರೂ ಕಾಗದಕ್ಕ ಸಹಿ ಮಾಡಿಕೊಟ್ಟೀವಿ. ಮನಿ ಇಡಬೇಕೋ ಬ್ಯಾಡೋ ಅಂತ ಕೇಳಲಿಕ್ಕೆ ಯಾರೂ ಬಂದಿರಲಿಲ್ಲ, ಎಲ್ಲಾ ಮುಗದ ಮ್ಯಾಲೆ "ಇಲ್ಲೊಂದು ಸಹಿ ಮಾಡವ್ವಾ" ಅಂತ ಬಂದಿದ್ರು. ಎಲ್ಲಾ ಮನಿ ಉಳಸಲಿಕ್ಕೆ ಆಗೂದಿಲ್ಲ, ಅದು ನನಗೂ ತಿಳೀತದ. ಹುಡುಗರು ಊರಾಗಿಲ್ಲ, ಜಂತಿಗೆ ಗೆದ್ದಲ ಹತ್ಯಾವ, ಪಾಲು ಆರು ಆಗ್ಯಾವ. ಆದ್ರ ಕೇಳಿದಾಗ ಒಂದು ಶರ್ತು ಹಾಕೂ ಅಧಿಕಾರ ನಮಗೂ ಇರ್ತದ. ಮನಿ ಹೋದ್ರೂ ಬಾಗಲದ ಚೌಕಟ್ಟು ನನಗ ಕೊಡ್ರಿ, ತುಳಸಿಕಟ್ಟಿ ಇದ್ದ ಜಾಗಾ ಹಂಗ ಬಿಡ್ರಿ, ಕಟ್ಟಿದ ಬಡಿಗ್ಯಾನ ಹೆಸರರ ಎಲ್ಲೆರ ಬರದಿಡ್ರಿ, ಕೆಡವೂಕಿಂತ ಮೊದಲ ಒಂದಿನಾ ಎಲ್ಲಾರೂ ಕೂಡಿ ಅಲ್ಲೇ ಊಟಾ ಮಾಡೋಣ, ಹಿಂಗ ಏನರ.

ಎಲಿಜಬೆತ್ ಆ ಮನ್ಯಾಗ ಹುಟ್ಟಿ ಬೆಳದು ಸಂಸಾರ ಮಾಡಿದಾಕಿ ಅಲ್ಲ. ಆಕಿ ಹುಟ್ಟೂಕಿಂತ ನೂರಕ್ಕೂ ಹೆಚ್ಚು ವರ್ಷ ಮೊದಲ ಅವರ ಮಂದಿ ಅದನ್ನ ಬಿಟ್ಟು ಹೋಗಿದ್ರು. ಆದ್ರೂ ಆಕಿ ಇದ್ದಲಾ ತಗಸಿ ದೇವರ ಜಾಗಾ ಸ್ವಚ್ಛ ಮಾಡಿಸಿದ್ಲು, ಆಮ್ಯಾಲೆ ಪೆನ್ನು ಹಿಡದ್ಲು. ಈಗ ಲಿಟ್ಲ್ ಮೋರ್ಟನ್ ಹಾಲ್ ನೋಡಲಿಕ್ಕೆ ಹೋದವರು ಆ ಸಣ್ಣ ಪ್ರಾರ್ಥನಾ ಮಂದಿರದಾಗ ನಿಲ್ಲಬಹುದು, ಸೊಟ್ಟ ಗ್ಯಾಲರಿಯೊಳಗ ಅಡ್ಡಾಡಬಹುದು. ಹೋಗೂ ಯೋಗ ಯಾರಿಗರ ಬಂದ್ರ, ರಿಚರ್ಡ್ ಡೇಲ್‌ನ ಖಿಡಕಿ ನೋಡಿ ಬರ್ರಿ. ಬಂದ ಮ್ಯಾಲೆ ನಮ್ಮನಿಗೆ ಚಹಾಕ್ಕ ಬರ್ರಿ, ನೆಲಾ ಎಷ್ಟು ಏರಿಳಿತಾ ಅದ ಅಂತ ನನಗೂ ಹೇಳ್ರಿ.